ನಾನು ಕೇಳದ ಇನ್ನೂರ ನಲವತ್ತು ಗಂಟೆಗಳು

ವಿದ್ಯಾರ್ಥಿ ಸ್ವಯಂಸೇವಾ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ದಾಖಲೆಗಳ ಪ್ರಕಾರ ಕಳೆದ ಒಂದು ವರ್ಷದಲ್ಲಿ ನಾಲ್ವರು ಕಾಲೇಜು ವಿದ್ಯಾರ್ಥಿಗಳು ನನ್ನ ಮನೆಗೆ ಬಂದು, ತಲಾ ಅರವತ್ತು ಗಂಟೆಯಂತೆ ಒಟ್ಟು ಇನ್ನೂರ ನಲವತ್ತು ಗಂಟೆ ನನಗೆ ಪುಸ್ತಕ ಓದಿ ಹೇಳಿದ್ದಾರೆ. ನನಗೆ ಕಣ್ಣು ಕಾಣುವುದಿಲ್ಲ, ನಿಜ. ಆದರೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆ ನಾಲ್ವರಲ್ಲಿ ಒಬ್ಬರ ದನಿಯನ್ನೂ ನಾನು ಕೇಳಿಲ್ಲ. ನನಗೆ ನಿಜವಾಗಿ ಓದಿದವಳು ಒಬ್ಬಳೇ ಹುಡುಗಿ, ಅವಳ ಹೆಸರು ನಿಮ್ಮ ಪಟ್ಟಿಯಲ್ಲಿಲ್ಲ. ಸೇವೆ ಮಾಡಿಲ್ಲವೆಂದು ಅವಳ ಪ್ರಮಾಣಪತ್ರವನ್ನು ನೀವು ತಡೆಹಿಡಿದಿದ್ದೀರಿ. ಈ ತಿಂಗಳ ಇಪ್ಪತ್ತರೊಳಗೆ ಅದು ಕೈಗೆ ಬರದಿದ್ದರೆ ಲ್ಯಾಬ್ ಟೆಕ್ನಿಷಿಯನ್ ತರಬೇತಿಯಲ್ಲಿ ಅವಳಿಗೆ ಸಿಕ್ಕಿರುವ ಸೀಟು ಬೇರೆಯವರ ಪಾಲಾಗುತ್ತದೆ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. "ಸಾಹೇಬರು ಊರಲ್ಲಿಲ್ಲ" ಎಂದು ಗುಮಾಸ್ತ ಹೇಳಿದರೆ, ಸಾಹೇಬರು ನಿಜಕ್ಕೂ ಊರಲ್ಲಿಲ್ಲವೋ ಅಥವಾ ಪಕ್ಕದಲ್ಲೇ ನಿಂತು ಕೈ ಆಡಿಸುತ್ತಿದ್ದಾರೋ ಎಂಬುದು ನನಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಅನುಮಾನ ನನಗೆ ಕಸುಬಿನಿಂದ ಬಂದದ್ದು, ಪಿಂಚಣಿಯ ಜೊತೆ ಅದನ್ನೂ ಮನೆಗೆ ತಂದೆ. ನನ್ನ ಜೊತೆಯಲ್ಲಿರುವ ತಂಗಿ, ಮನೆಯಲ್ಲೇ ಹೊಲಿಗೆ ಮಾಡುವವಳು, ಈ ಪತ್ರ ಬರೆದುಕೊಳ್ಳುತ್ತಿರುವವಳೂ ಅವಳೇ, "ಅಕ್ಕನಿಗೆ ಗಡಿಯಾರ ಹನ್ನೆರಡು ಹೊಡೆದ್ರೂ ಅನುಮಾನ, ಇನ್ನೊಂದ್ಸಲ ಹೊಡಿ ಅಂತಾಳೆ" ಎಂದು ಆಡಿಕೊಳ್ಳುತ್ತಾಳೆ. ಇಂಥ ನನಗೇ ನಿಮ್ಮ ಕಚೇರಿ ಟೋಪಿ ಹಾಕಿತು ಎಂಬುದು ನನ್ನ ಮೊದಲ ಸಂಕಟ.

ಹೇಗೆ ಎಂದು ಕೇಳುತ್ತೀರಾ? ಕಳೆದ ವರ್ಷ ನಿಮ್ಮ ಸಂಯೋಜಕರೊಬ್ಬರು ಕಿರುಗುಟ್ಟುವ ಬೂಟು ಹಾಕಿಕೊಂಡು ನಮ್ಮ ಮೂರನೇ ಮಹಡಿಗೆ ಹತ್ತಿ ಬಂದರು. ದೃಷ್ಟಿಯಿಲ್ಲದವರಿಗೆ ವಿದ್ಯಾರ್ಥಿಗಳಿಂದ ಪುಸ್ತಕ ಓದಿಸುವ ಯೋಜನೆ ಎಂದರು. ಕಾಗದದ ಮೇಲೆ ಅಡ್ಡಪಟ್ಟಿ ಇಟ್ಟು, ನನ್ನ ಕೈ ಹಿಡಿದು ಅದರ ಅಂಚಿಗೆ ತಂದು, "ಇಲ್ಲೊಂದು ಸೈನ್ ಹಾಕಿ ಅಜ್ಜಿ" ಎಂದರು. ಹಾಕಿದೆ. "ಇಲ್ಲೊಂದು." ಹಾಕಿದೆ. ಎಣಿಸುವುದು ನನ್ನ ಚಾಳಿ. ಒಟ್ಟು ಹನ್ನೆರಡು ಸಲ ಹಾಕಿದೆ.

"ಇಷ್ಟೊಂದು ಯಾಕಪ್ಪಾ?" ಎಂದೆ.

"ಎಲ್ಲಾ ಕಾಪಿಗಳು ಅಜ್ಜಿ. ಆದ್ರೆ ಏನ್ ಸೈನ್ ನಿಮ್ದು! ಈ ವಯಸ್ಸಲ್ಲೂ ಮುತ್ತು ಪೋಣಿಸಿದ ಹಾಗಿದೆ."

ಮಾನ್ಯರೇ, ನಾನು ಉಬ್ಬಿಹೋದೆ. ಕಣ್ಣು ಹೋದ ಮೇಲೆ ನನ್ನ ಅಕ್ಷರವನ್ನು ಯಾರೂ ಹೊಗಳಿರಲಿಲ್ಲ. ಹನ್ನೆರಡು ಕಾಗದಗಳಲ್ಲಿ ಒಂದನ್ನಾದರೂ ಓದಿ ಹೇಳು ಎಂದು ಕೇಳುವುದನ್ನೇ ಮರೆತೆ. ಅವರು ನನ್ನ ತೊಡೆಯ ಮೇಲೊಂದು ಪುಸ್ತಕ ಇಟ್ಟು ಫೋಟೋ ತೆಗೆದರು, ಪುಸ್ತಕ ವಾಪಸ್ ತೆಗೆದುಕೊಂಡರು, ಮೆಟ್ಟಿಲಿಳಿದು ಹೋದರು. ಆ ಬೂಟಿನ ಸದ್ದು ಮತ್ತೆ ನಮ್ಮ ಮಹಡಿಯಲ್ಲಿ ಕೇಳಿಸಲಿಲ್ಲ. ವಿದ್ಯಾರ್ಥಿಗಳೂ ಬರಲಿಲ್ಲ. ಯೋಜನೆ ನಿಂತುಹೋಗಿರಬೇಕು ಎಂದುಕೊಂಡು ನಾವು ಸುಮ್ಮನಾದೆವು.

ಒಂದು ತಿಂಗಳ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಲ್ಯಾಬಿನ ಏಪ್ರನ್ ಚಿಕ್ಕದು ಮಾಡಿಸಲು ತಂಗಿಯ ಹತ್ತಿರ ಬಂದಳು. ತಂಗಿ ಆಗ ನನಗೊಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದಳು. ಅವಳು ಓದುವುದೆಂದರೆ ಗಿರಾಕಿಯ ಅಳತೆ ಬರೆಸಿದಂತೆ: ಕೊಲೆಗೂ ಕಾಫಿಗೂ ಒಂದೇ ದನಿ. ಹುಡುಗಿ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿ, "ಆಂಟೀ, ನೀವು ಏಪ್ರನ್ ಹೊಲೀರಿ, ಅಷ್ಟರಲ್ಲಿ ಇದನ್ನ ನಾನು ಓದ್ತೀನಿ" ಎಂದಳು. ಏಪ್ರನ್ ಅವತ್ತೇ ಮುಗಿಯಿತು. ಓದು ಮುಗಿಯಲಿಲ್ಲ. ಮಂಗಳವಾರ, ಶುಕ್ರವಾರ, ಸಂಜೆ ನಾಲ್ಕೂವರೆಯಿಂದ ಆರು. ತಂಗಿ ಅವಳಿಗೆ 'ಏಪ್ರನ್' ಎಂದೇ ಹೆಸರಿಟ್ಟಳು.

ನಾನು ಅವಳನ್ನೂ ನಂಬಲಿಲ್ಲ ಬಿಡಿ. ಈ ಕಾಲದ ಹುಡುಗಿ ಮುದುಕಿಯೊಬ್ಬಳಿಗೆ ಸುಮ್ಮನೆ ಯಾಕೆ ಓದುತ್ತಾಳೆ? ಎರಡನೇ ವಾರ ಸಿಕ್ಕಿಹಾಕಿಕೊಂಡಳು. ಒಂದು ಕಡೆ ವಾಕ್ಯದ ಉಸಿರು ತಪ್ಪಿತು. ನಡುವೆ ಏನೋ ಬಿಟ್ಟುಹೋದದ್ದು ನನಗೆ ಗೊತ್ತಾಯಿತು.

"ಹಿಂದಕ್ಕೆ ಹೋಗು. ಏನೋ ಹಾರಿಸಿದೆ" ಎಂದೆ.

"ಏನಿಲ್ಲ ಅಜ್ಜಿ... ಅಲ್ಲೊಬ್ಬ ಕಣ್ಣಿಲ್ಲದವರ ಬಗ್ಗೆ ಕೆಟ್ಟದಾಗಿ ಮಾತಾಡ್ತಾನೆ. ನಿಮಗೆ ಬೇಜಾರಾಗುತ್ತೆ ಅಂತ ಬಿಟ್ಟೆ."

"ಅವನು ಬೈದ್ರೆ ನನಗೇನೂ ಬೇಜಾರಿಲ್ಲ. ಓದದೇ ಇರೋದನ್ನ ಓದಿದೆ ಅಂತ ನನಗೆ ಯಾರೂ ಹೇಳಬಾರದು, ಅಷ್ಟೇ."

ಅವಳು ಹಿಂದಕ್ಕೆ ಹೋಗಿ ಪೂರ್ತಿ ಓದಿದಳು. ಅವತ್ತಿನಿಂದ ಅಚ್ಚಿನ ತಪ್ಪುಗಳನ್ನೂ, ಕಡೆಯ ಪುಟದ ಮುದ್ರಣಾಲಯದ ವಿಳಾಸವನ್ನೂ ಬಿಡದೆ ಓದಿದ್ದಾಳೆ. ನಾನು ಜಾರಿಬಿದ್ದು ಸೊಂಟ ಮುರಿದುಕೊಂಡು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಾಗ ವಾರ್ಡಿಗೇ ಬಂದು ಓದಿದಳು. ಪಕ್ಕದ ಹಾಸಿಗೆಯ ಹೆಂಗಸು ಬಿಡುಗಡೆಯ ದಿನ, ಕೊಲೆಗಾರ ಯಾರೆಂದು ತಿಳಿಯದೆ ಮನೆಗೆ ಹೋಗಲಾರೆ ಎಂದು ಮಧ್ಯಾಹ್ನದವರೆಗೆ ಕೂತಿದ್ದಳು.

ಈಗ ಕೊನೆಯ ವರ್ಷದ ಅವಳಿಗೆ ಅರವತ್ತು ಗಂಟೆ ಸ್ವಯಂಸೇವೆ ತೋರಿಸಬೇಕಾಗಿ ಬಂತು. ನನ್ನ ಹೆಸರು ಹಾಕಿದಳು. ನಿಮ್ಮ ಪೋರ್ಟಲ್ ಉತ್ತರ ಕೊಟ್ಟಿತು: "ಈ ಫಲಾನುಭವಿಯ ವಾರ್ಷಿಕ ಮಿತಿ ಭರ್ತಿಯಾಗಿದೆ." ನಾನು ಫಲಾನುಭವಿ ಎಂಬುದೂ, ಭರ್ತಿಯಾಗಿದ್ದೇನೆ ಎಂಬುದೂ ನನಗೆ ಗೊತ್ತಾದದ್ದು ಆಗಲೇ.

ತಂಗಿಯ ತೋಳು ಹಿಡಿದು ನಿಮ್ಮ ಕಚೇರಿಗೆ ಬಂದೆ. ನಾಲ್ಕನೇ ಕೌಂಟರಿನವರು ಕಡತ ತೆಗೆದು, "ಇದು ನಿಮ್ದೇ ಸೈನ್ ಅಲ್ವಾ ಅಜ್ಜಿ?" ಎಂದು ತಂಗಿಗೆ ತೋರಿಸಿದರು.

"ಅಕ್ಕನದೇ" ಎಂದಳು ತಂಗಿ.

"ಮತ್ತಿನ್ನೇನು? ಅನಿಸಿಕೆನೂ ನೀವೇ ಕೊಟ್ಟಿದ್ದೀರಲ್ಲ. ಕೇಳಿ: 'ಈ ವಿದ್ಯಾರ್ಥಿಯ ದನಿ ನನ್ನ ಕತ್ತಲ ಬಾಳಿಗೆ ಬೆಳಕಾಯಿತು.'"

ನಾಲ್ಕು ಕಡತದಲ್ಲೂ ಇದೇ ವಾಕ್ಯ. ಒಬ್ಬೊಬ್ಬ ವಿದ್ಯಾರ್ಥಿಗೆ ಮೂರು ಕಾಗದ: ಒಪ್ಪಿಗೆ, ಹಾಜರಿ, ಅನಿಸಿಕೆ. ಹನ್ನೆರಡರ ಲೆಕ್ಕ ಸರಿಹೋಯಿತು. ನಾನು ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಒಂಬತ್ತು ದಿನಗಳಲ್ಲಿ ಅವರು ನನ್ನ ಮನೆಯಲ್ಲಿ ಹದಿನೆಂಟು ಗಂಟೆ ಓದಿದ್ದಾರಂತೆ. ಯಾರಿಗೆ ಓದಿದರು? ತಂಗಿಯ ಹೊಲಿಗೆ ಯಂತ್ರಕ್ಕೋ? ಕಾರಿಡಾರಿನ ಗೋಡೆಯ ಮೇಲೆ ನನ್ನ ಫೋಟೋ ಇದೆಯೆಂದು ತಂಗಿ ಹೇಳಿದಳು. "ಅಕ್ಕಾ, ನಿನ್ನ ತೊಡೆ ಮೇಲಿರೋದು ಕತೆ ಪುಸ್ತಕ ಅಲ್ಲ ಕಣೇ. ಇವರ ಆಫೀಸಿನ ವಾರ್ಷಿಕ ವರದಿ!"

ಆ ನಾಲ್ವರು ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲೊಬ್ಬ ಸಂಜೆ ಅಂಗಡಿಯಲ್ಲಿ ದುಡಿದು ಫೀಸು ಕಟ್ಟುವವನಿರಬಹುದು. ಅರವತ್ತು ಗಂಟೆ ಎಲ್ಲಿಂದ ತಂದಾನು? ಬಹುಶಃ ಒಬ್ಬಳು ನಿಜಕ್ಕೂ ಓದಲು ಬಯಸಿ, ವಿಳಾಸ ಕೇಳಿದ್ದಕ್ಕೆ "ಅದೆಲ್ಲಾ ಆಯ್ತು, ಹೋಗಮ್ಮ" ಎಂದು ನಿಮ್ಮವರು ಕಳಿಸಿರಬಹುದು. ನನ್ನ ಅನುಮಾನವೆಲ್ಲ ನಿಮ್ಮ ಮೇಲೆ. ಕಡ್ಡಾಯ ಮಾಡಿದ ಮೇಲೆ ಅದು ಸ್ವಯಂಸೇವೆ ಹೇಗಾಗುತ್ತದೆ ಎಂಬ ಹಳೆಯ ತಕರಾರನ್ನು ನಾನು ತೆಗೆಯುವುದಿಲ್ಲ. ಕಡ್ಡಾಯವಾಗಿಯಾದರೂ ಒಬ್ಬರು ಬಂದು ಓದಿದ್ದರೆ ಬೇಡವೆನ್ನುತ್ತಿರಲಿಲ್ಲ. ಆದರೆ ಯಾರೂ ಬಾರದ ಮನೆಗೆ ನಾಲ್ವರು ಬಂದರೆಂದು ಬರೆದುಕೊಂಡು, ಬಂದವಳಿಗೆ ಜಾಗವಿಲ್ಲ ಎನ್ನುವುದು ಯಾವ ಸೇವೆ? ವರದಿಯಲ್ಲಿ ಗಂಟೆಗಳು ತುಂಬಿದ್ದರೆ ನಿಮಗೆ ಸಾಕೇ? ನನ್ನಂಥ ಕುರುಡರು ಇನ್ನೆಷ್ಟು ಜನ ಅಡ್ಡಪಟ್ಟಿಯ ಅಂಚಿನಲ್ಲಿ ಚೆಂದವಾಗಿ ಸಹಿ ಹಾಕಿ ಕೊಟ್ಟಿದ್ದಾರೆ?

ಇನ್ನೊಂದು ಸಂಗತಿ, ಇದನ್ನು ಹೇಳಲು ನನಗೆ ಕಷ್ಟ. ನಾಲ್ಕನೇ ಕೌಂಟರಿನವರು ಕನಿಕರದಿಂದಲೇ ಒಂದು ದಾರಿ ತೋರಿಸಿದರು. "ಹುಡುಗಿಗೆ ಬೇರೆ ಫಾರ್ಮ್ ಕೊಡ್ತೀನಿ. ಗಿಡ ನೆಟ್ಟೆ ಅಂತ ಬರೀಲಿ, ನಾಳೆನೇ ಸೀಲ್ ಹಾಕಿಸ್ತೀನಿ." ಮನೆಗೆ ಬಂದು ಏಪ್ರನ್‌ಗೆ ಹೇಳಿದೆವು. ತೊಗೊಂಡುಬಿಡು, ಸೀಟು ಮುಖ್ಯ ಎಂದು ತಂಗಿ ಒತ್ತಾಯಿಸಿದಳು. ನಾನೂ, ಮಾನ್ಯರೇ, ನಾನೂ ತೊಗೋ ಎಂದೆ.

ಅವಳು, "ಓದದೇ ಇರೋದನ್ನ ಓದಿದೆ ಅನ್ನಬಾರದು ಅಂತ ನೀವೇ ಹೇಳಿದ್ರಿ. ನೆಡದೇ ಇರೋ ಗಿಡ ನೆಟ್ಟೆ ಅಂತ ಹೇಗೆ ಬರೀಲಿ ಅಜ್ಜಿ?" ಎಂದಳು.

ಅವಳ ಸೀಟಿಗೆ ಮೊದಲ ಕಲ್ಲು ಹಾಕಿದ್ದು ನನ್ನ ಹನ್ನೆರಡು ಸಹಿ, ಎರಡನೆಯದು ಓದಿನ ಬಗ್ಗೆ ನಾನು ಹೇಳಿದ್ದ ಆ ಬುದ್ಧಿಮಾತು. ನೀವು ನಾಚಿಕೊಳ್ಳುತ್ತೀರೋ ಇಲ್ಲವೋ ತಿಳಿಯದು, ನನಗಂತೂ ನಾಚಿಕೆಯಾಗಿದೆ.

ಆದ್ದರಿಂದ ಕೇಳುತ್ತಿದ್ದೇನೆ. ನನ್ನ ಹನ್ನೆರಡು ಸಹಿಗಳನ್ನು ರದ್ದು ಮಾಡಿ. ಓದದೆ ಹಾಕಿದ ತಪ್ಪು ನನ್ನದು, ಅದಕ್ಕೆ ಏನು ಶಿಕ್ಷೆಯೋ ನನಗೆ ಕೊಡಿ. ಖಾಲಿಯಾದ ಜಾಗದಲ್ಲಿ ಆ ಹುಡುಗಿಯ ಹೆಸರು ಬರೆದು, ಇಪ್ಪತ್ತನೇ ತಾರೀಖಿನೊಳಗೆ ಪ್ರಮಾಣಪತ್ರ ಕೊಡಿ. ಪುರಾವೆ ಬೇಕಿದ್ದರೆ ಮಂಗಳವಾರ ಇಲ್ಲವೇ ಶುಕ್ರವಾರ ನಾಲ್ಕೂವರೆಗೆ ಬನ್ನಿ. ಓದಿ ಮುಗಿಸಿದ ಏಳು ಪುಸ್ತಕಗಳಲ್ಲಿ ಯಾವ ಪುಟವನ್ನಾದರೂ ತೆರೆದು ಕೇಳಿ, ಅಲ್ಲೇನಿದೆ ಎಂದು ನಾನು ಹೇಳುತ್ತೇನೆ. ಬರುವಾಗ ಆ ನಾಲ್ವರನ್ನೂ ಕರೆತನ್ನಿ. ಎಂಟನೇ ಪುಸ್ತಕ ಅರ್ಧಕ್ಕೆ ಬಂದಿದೆ, ಕೂತು ಕೇಳಲಿ. ಓದಬೇಕೆನಿಸಿದರೆ ಸರದಿ ಕೊಡುತ್ತೇನೆ.

ಸಹಿ ಹಾಕುವ ಮುಂಚೆ ಈ ಪತ್ರವನ್ನು ಎರಡು ಸಲ ಓದಿಸಿಕೊಂಡಿದ್ದೇನೆ. ಮೊದಲು ತಂಗಿ ಓದಿದಳು. ಅವಳ ಮೇಲೂ ಅನುಮಾನವಿದ್ದುದರಿಂದ ಏಪ್ರನ್ ಬಂದಾಗ ಅವಳ ಕೈಗೆ ಕೊಟ್ಟೆ. ಇಬ್ಬರೂ ಓದಿದ್ದು ಒಂದೇ ಪತ್ರ. ವಾರ್ಡಿಗೆ ಬಂದು ಓದಿದಳು ಎಂಬ ಸಾಲು ಮಾತ್ರ ಹುಡುಗಿಯ ಬಾಯಲ್ಲಿ ಬರಲಿಲ್ಲ.

"ಹಿಂದಕ್ಕೆ ಹೋಗು" ಎಂದೆ. ಹೋದಳು. ತನ್ನ ಬಗ್ಗೆ ಬರೆದ ಒಂದೊಂದು ಮಾತನ್ನೂ ಓದಿದಳು.

ಇಂತಿ,
ನಿಮ್ಮ ಕಡತದಲ್ಲಿ ಭರ್ತಿಯಾಗಿರುವ ಫಲಾನುಭವಿ,
ನಿವೃತ್ತ ಟೆಲಿಫೋನ್ ಆಪರೇಟರ್

(ಈ ಸಲ ಅಡ್ಡಪಟ್ಟಿ ಇಟ್ಟುಕೊಂಡಿಲ್ಲ. ಸಹಿ ಸೊಟ್ಟಗಿದೆ ಎಂದು ತಂಗಿ ಹೇಳುತ್ತಿದ್ದಾಳೆ. ಇರಲಿ, ಏನಕ್ಕೆ ಹಾಕಿದ್ದೇನೆಂದು ಗೊತ್ತಿದೆ.)