ಕೆಸರಿನಿಂದ ತಾನೇ ಎದ್ದ ಗಾಡಿ

ಅಪ್ಪಾ,

ಇಲ್ಲಿನ ಆಸ್ಪತ್ರೆ ಕೆಲಸಕ್ಕೆ ಹೊಂದಿಕೊಂಡಿದ್ದೇನೆ. ನಿನ್ನೆ ಹೆರಿಗೆ ನೋವು ಬಂದ ಹೆಂಗಸೊಬ್ಬಳನ್ನು ಕರೆತರುವಾಗ ಆಂಬುಲೆನ್ಸ್ ಗಾಡಿ ಮೊಣಕಾಲುದ್ದ ಕೆಸರಿಗೆ ಇಳಿಯಿತು. ಚಕ್ರ ಸುಮ್ಮನೆ ಸುತ್ತತೊಡಗಿದ್ದೇ ತಡ, ಹಳೇ ಅಭ್ಯಾಸ, ನಾನು ತಳ್ಳಲೆಂದು ಚಪ್ಪಲಿ ಬಿಚ್ಚಿ ಬಾಗಿಲು ತೆಗೆದೆ. ಡ್ರೈವರ್ ನಕ್ಕರು.

“ಎಲ್ಲಿಗೆ ಹೊರಟ್ರಿ ಸಿಸ್ಟರ್? ಕೂತ್ಕೊಳ್ಳಿ. ಜಾರೋ ಚಕ್ರಕ್ಕೆ ಗಾಡೀನೇ ಬ್ರೇಕ್ ಹಾಕಿ, ಹಿಡಿತ ಇರೋ ಚಕ್ರಕ್ಕೆ ಬಲ ಕೊಡುತ್ತೆ.”

ಒಂದು ಗುಂಡಿ ಒತ್ತಿ, ಆಕ್ಸಿಲರೇಟರ್ ಮೇಲೆ ಹದವಾಗಿ ಕಾಲಿಟ್ಟರು, ಅಷ್ಟೇ. ಗಾಡಿ ಗೊಣಗುತ್ತ ತಾನೇ ಮೇಲೆ ಬಂತು. ನಮ್ಮ ಜೀಪಾಗಿದ್ದರೆ ನೀವು ಇಳಿದು, ಮುಂದಿನ ಚಕ್ರಗಳಿಗೂ ಬಲ ಸಿಗುವಂತೆ ಅವುಗಳ ಲಾಕನ್ನು ಕೈಯಲ್ಲೇ ತಿರುಗಿಸಿ, ಗೋಣಿಚೀಲ ಹಾಸಿ, “ಎಲ್ಲಾ ಒಟ್ಟಿಗೆ ತಳ್ರಪ್ಪಾ” ಅನ್ನಬೇಕಿತ್ತು. ಮುಖಕ್ಕೆಲ್ಲ ಕೆಸರು ಸಿಡಿಸಿಕೊಂಡ ಅಮ್ಮ ಬೈಯಲು ಬಾಯಿ ತೆರೆದು, ನಮ್ಮನ್ನು ನೋಡಿ ನಕ್ಕುಬಿಡುತ್ತಿದ್ದಳು. ಅಮ್ಮ ಹೋದಮೇಲೆ ಆ ನಗು ಇಷ್ಟು ಸ್ಪಷ್ಟವಾಗಿ ನೆನಪಾದದ್ದು ಇದೇ ಮೊದಲು. ಮೈಗೆ ಒಂದು ಹನಿ ಕೆಸರಿಲ್ಲದೆ ಕೂತಿದ್ದ ನನಗೆ ಕಣ್ಣು ತುಂಬಿ ಬಂತು. ಅಂಥ ನೋವಿನಲ್ಲೂ ಆ ಹೆಂಗಸು ನನ್ನ ಕೈ ಹಿಡಿದು, “ಅಳ್ಬೇಡಿ ಸಿಸ್ಟರ್, ಇನ್ನೇನು ಬಂದೇಬಿಟ್ವಿ” ಎಂದು ನನಗೇ ಸಮಾಧಾನ ಹೇಳಿದಳು.

ಹೆಣ್ಣು ಮಗು, ಇಬ್ಬರೂ ಆರಾಮ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಡ್ಯೂಟಿಗೆ ಕರೆಯುತ್ತಿದ್ದಾರೆ.

ನಿಮ್ಮ ಮಗಳು