ಚೈನಿಗೆ ಸುರಿದ ಕೊಬ್ಬರಿ ಎಣ್ಣೆ

ವಿಜಯಾ, ಎರಡು ಕಾರ್ಡ್ ಹಾಕಿದರೂ ಉತ್ತರವಿಲ್ಲ. ನಿನ್ನ ಕೈಗೇನು ಗೆದ್ದಲು ಹಿಡಿದಿದೆಯೇನೇ?

ನಾನೀಗ ಹೂಸ್ಟನ್ ಕಡೆ ಸೈಕಲ್ ಮೇಲೆ ತಿರುಗುತ್ತಿದ್ದೇನೆ, ನಗಬೇಡ. ಮೊಮ್ಮಗಳು ಶ್ರಾವಣಿ ತನ್ನ ಮೂರು ಚಕ್ರದ ಸೈಕಲ್ಲಿನ ಮುಂದಿನ ಸೀಟಿನಲ್ಲಿ ನನ್ನನ್ನು ಕಂಬಳಿ ಸುತ್ತಿ ಕೂರಿಸಿ, ಮೂರು ದಿನದಿಂದ ಕಾಲುವೆಯ ದಾರಿಯಲ್ಲಿ ತುಳಿಯುತ್ತಿದ್ದಾಳೆ. ಬೆಳಿಗ್ಗೆ ಚಳಿಗೆ ನೀರೆಲ್ಲ ಹೊಗೆಯಾಡುತ್ತದೆ. ಅದರೊಳಗೆ ಬೆಳ್ಳಕ್ಕಿಗಳು ಕಾಲೇ ಇಲ್ಲದ ಹಾಗೆ ತೇಲುತ್ತವೆ. ನಾವು ಹೋಗುತ್ತಿದ್ದೇವೋ, ದಡವೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯುವುದಿಲ್ಲ.

ನಿನ್ನೆ ಚೈನು ಕಿರುಗುಟ್ಟುತ್ತಿತ್ತು. ರಾತ್ರಿ ತಂಗಿದ ಕಡೆ ಅವಳು ಸ್ನಾನಕ್ಕೆ ಹೋದಾಗ ನನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಅದಕ್ಕೆ ಸುರಿದೆ. ಬೆಳಗಾಗುವಷ್ಟರಲ್ಲಿ ಎಣ್ಣೆ ಮೇಣದಂತೆ ಗಟ್ಟಿಯಾಗಿ ಪೆಡಲ್ ತಿರುಗಲೊಲ್ಲದು. "ಈ ಆತ್ರೇಯ ಏನ್ ಹಚ್ಚಿದಾನೋ! ಮನೆಗೆ ಹೋಗಿ ಮಾಡ್ತೀನಿ ಅವನಿಗೆ!" ಎಂದು, ಹೊರಡುವ ಮುನ್ನ ಚೈನಿಗೆ ಎಣ್ಣೆ ಹಾಕಿಕೊಟ್ಟಿದ್ದ ಗಂಡನನ್ನು ಬೈಯುತ್ತ ಫ್ಲಾಸ್ಕಿನ ಬಿಸಿನೀರು ಹುಯ್ದಳು. ನಾನು ಬೆಳ್ಳಕ್ಕಿ ಎಣಿಸುತ್ತ ಕುಳಿತೆ.

ಮಂಡಿ ನೋವಿಲ್ಲ, ಕೆಮ್ಮೂ ಇಲ್ಲ. ನಿಜ ಹೇಳಿದರೆ ಮುಂದಿನ ತಿಂಗಳ ಸವಾರಿಗೆ ನನ್ನನ್ನು ಬಿಟ್ಟು ಹೋಗುತ್ತಾಳೆ. ಹೇಳದಿದ್ದರೆ ಆ ಪಾಪದ ಹುಡುಗ ಬೈಸಿಕೊಳ್ಳುತ್ತಾನೆ. ಏನು ಮಾಡಲಿ? ಈ ತಿಂಗಳು ಮುಗಿಯುವ ಮೊದಲೇ ಬರಿ. ಹೇಳಬೇಡ ಅಂತಲೇ ಬರಿ.

ನಿನ್ನ ಅಕ್ಕ