ಎರಡು ಬಾಗಿಲಿನ ಫ್ರಿಜ್ ತರುವ ಮೊದಲು

ಇವರೇ,

ರಾತ್ರಿ ಬೋಟಿನಿಂದ ಬಂದು ಮಲಗಿದವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಅಮ್ಮನನ್ನು ನೋಡಿಕೊಂಡು ಬರಲು ಹೊನ್ನಾವರಕ್ಕೆ ಹೊರಟಿದ್ದೇನೆ. ಚಾ ಫ್ಲಾಸ್ಕಿನಲ್ಲಿದೆ. ದೋಸೆ ಹಿಟ್ಟು ಕಟ್ಟೆಯ ಮೇಲಿದೆ. ಫ್ರಿಜ್ಜಿನಲ್ಲಿ ನಿಮ್ಮ ಮೀನು ಅದಕ್ಕೆ ಜಾಗ ಕೊಡಲಿಲ್ಲ.

ಕುಮಟೆಯ ಅಂಗಡಿಯವನು ನಿಮ್ಮ ಫೋನಿಗೆ ಕರೆ ಮಾಡಿದ್ದ. ದೀಪಾವಳಿ ಆಫರ್ ಇವತ್ತೇ ಕೊನೆಯಂತೆ, ಹಳೆಯದನ್ನು ಕೊಟ್ಟು ಎರಡು ಬಾಗಿಲಿನದನ್ನು ಒಯ್ಯಬಹುದಂತೆ. ನಮ್ಮ ಹಳೆಯದು ಕಳೆದ ದೀಪಾವಳಿಯದು ಎಂದು ನಾನು ಹೇಳಲಿಲ್ಲ. ನಿಮ್ಮ ಮರ್ಯಾದೆ ಉಳಿಸಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿನ್ನೆ ಪಕ್ಕದ ಮನೆಯ ದುರ್ಗಮ್ಮತ್ತೆ ಬಂದಿದ್ದರು. "ಎಂತದೇ, ದಿನಕರ ಬೋಟಿಗೆ ಹೋಗೂದು ಬಿಟ್ನಾ? ನಿಮ್ಮನೆ ಮೀನು ಕಾಣ್ದೆ ವರ್ಷ ಆತು" ಎಂದು ಕೇಳಿ, ಒಂದು ಡಬ್ಬಿ ಒಣ ಸಿಗಡಿ ನನ್ನ ಕೈಗಿಟ್ಟರು. "ಮಕ್ಕಳು ಬರೀ ಸಾರು ಉಣ್ಣೂದು ಬೇಡ" ಎಂದರು. ಒಳಗೆ ಫ್ರಿಜ್ಜು ಗುರ್ ಎನ್ನುತ್ತಿತ್ತು.

ಫ್ರಿಜ್ ಇಲ್ಲದ ದಿನಗಳಲ್ಲಿ ನಿಮ್ಮ ಬುಟ್ಟಿ ಮೊದಲು ಇಳಿಯುತ್ತಿದ್ದದ್ದು ಅವರ ಅಂಗಳದಲ್ಲಿ. ನಾನು ಹೇಳಿಕೊಟ್ಟದ್ದಲ್ಲ ಅದು.

ಫ್ರಿಜ್ಜಿನಲ್ಲಿರುವ ಆ ದೊಡ್ಡ ಇಸವಾಣ ಮೀನನ್ನು ದುರ್ಗಮ್ಮತ್ತೆಗೆ ನೀವೇ ಕೊಟ್ಟು ಬನ್ನಿ. ಇವತ್ತು ಹಿಡಿದದ್ದು ಎಂದು ಸುಳ್ಳು ಹೇಳಬೇಡಿ, ಮೀನು ಕಲ್ಲಾಗಿದೆ. ಬೈದರೆ ಬೈಸಿಕೊಳ್ಳಿ, ಚಾ ಕೊಟ್ಟರೆ ಕುಳಿತು ಕುಡಿಯಿರಿ.

ಬಂದ ಮೇಲೆ ಫ್ರಿಜ್ ತೆಗೆದು ನೋಡಿ. ಆಗಲೂ ಜಾಗ ಸಾಲದು ಅನ್ನಿಸಿದರೆ, ಬಂಗಡೆ ಇನ್ನೂ ಬೇಕಾದಷ್ಟಿದೆ, ನಮ್ಮ ಮನೆಯ ಹಿಂದೆ ಮಾಲತಿಯ ಮನೆಯೂ ಇದೆ.